ಸಿರಿಗಲ್ಲಕೋಟೆಯ ಕೂಗದ ಓಣಿ

ಸಿರಿಗಲ್ಲಕೋಟೆಯ ಪೇಟೆಯ ನಡುವೆ ಬಡಗಣದಿಂದ ತೆಂಕಣಕ್ಕೆ ಒಂದು ಉದ್ದನೆಯ ಓಣಿ ಹಾಯುತ್ತದೆ. ಎರಡೂ ಬದಿಗೆ ಮಣ್ಣಿನ ಮಾಳಿಗೆಯ ಹಳೆಯ ಮನೆಗಳು. ಎತ್ತಿನ ಬಂಡಿಯೊಂದು ಹಾಯುವಷ್ಟೇ ಅಗಲ. ಊರೆಲ್ಲ ಗಂಟಲು ಹರಿದುಕೊಂಡು ಬದನೆಕಾಯಿ ಮಾರುವ ಹೆಂಗಸರು ಈ ಓಣಿಯ ಬಾಯಿಗೆ ಬಂದರೆ ಸುಮ್ಮನಾಗುತ್ತಾರೆ, ಆಚೆ ತುದಿ ದಾಟಿದ ಮೇಲೆಯೇ ಮತ್ತೆ ದನಿ ತೆಗೆಯುತ್ತಾರೆ. ಇದಕ್ಕೆ ಕೂಗದ ಓಣಿ ಎಂದೇ ಹೆಸರು. ಈಚೆಗೆ ಯಾರೋ ಉತ್ಸಾಹಿಗಳು ಇಲ್ಲಿ 'ವೀರರ ಬೀದಿ' ಎಂದು ಫಲಕ ಹಾಕಿದ್ದಾರೆ. ಹಾಕಲಿ. ಇಲ್ಲಿ ನಡೆದದ್ದನ್ನು ನಾನು ಕೇಳಿದ್ದು ನಮ್ಮಜ್ಜಿಯ ಬಾಯಿಂದ. ವೀರತನದ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಹಿಂದೆ ಒಮ್ಮೆ ಈ ಕೋಟೆ ದೂರದ ದೊರೆಯೊಬ್ಬನ ಕಿಲ್ಲೇದಾರನ ಕೈಯಲ್ಲಿತ್ತಂತೆ. ಅವನ ಸುಲಿಗೆ ತಾಳಲಾರದೆ ಮೂಡಣ ಸೀಮೆಯ ಕೆಂಚನಾಯಕನೂ ಪಡುವಣ ಸೀಮೆಯ ರಾಚಪ್ಪ ದೇಸಾಯಿಯೂ ಒಂದಾದರು. ಇಬ್ಬರ ಮನೆದೇವರೂ ಮೈಲಾರಲಿಂಗ. ಒಂದೇ ತಟ್ಟೆಯ ಭಂಡಾರ ಮುಟ್ಟಿ, ಆ ಅರಿಸಿನದ ಪುಡಿಯನ್ನು ಹಣೆತುಂಬ ಬಳಿದುಕೊಂಡು, ಸಾಯುವವರೆಗೂ ಒಬ್ಬರ ಬೆನ್ನಿಗೊಬ್ಬರು ಎಂದು ಆಣೆ ಮಾಡಿದರು. ಎರಡು ದಂಡಿನವರೂ ಮುಖಕ್ಕೆ ಭಂಡಾರ ಬಳಿದು "ಮೈಲಾರಾ!" ಎಂದು ಕೂಗುತ್ತ ಗೋಡೆ ಹತ್ತಿದರು, ತಮ್ಮವರು ಯಾರೆಂಬುದಕ್ಕೆ ಅವೇ ಗುರುತು. ಕೋಟೆ ಬಿತ್ತು. ಕಿಲ್ಲೇದಾರನ ರುಂಡ ಹೆಬ್ಬಾಗಿಲಿಗೆ ತೂಗಿತು. ಗೆದ್ದ ಊರನ್ನು ಇಬ್ಬರೂ ಈ ಓಣಿಯ ಗುಂಟ ಎರಡಾಗಿ ಹಂಚಿಕೊಂಡರು. ಮೂಡಣ ಪೇಟೆ ನಾಯಕನಿಗೆ, ಪಡುವಣ ಪೇಟೆ ದೇಸಾಯಿಗೆ. ಊರಿಗಿದ್ದ ಒಂದೇ ಹೆಬ್ಬಾಗಿಲು ಮೂಡಣಕ್ಕೆ ಸೇರಿತು, ಒಂದೇ ಸಿಹಿನೀರಿನ ಹೊಂಡ ಪಡುವಣಕ್ಕೆ ಸೇರಿತು. ಹಂಚುವಾಗ ಇದು ಇಬ್ಬರು ಮಹಾಶಯರ ತಲೆಗೂ ಹೊಳೆಯಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ದೇಸಾಯಿಯ ಜೋಳದ ಬಂಡಿಗಳನ್ನು ನಾಯಕನ ಜನ ಬಾಗಿಲಲ್ಲಿ ತಡೆದರು. ದೇಸಾಯಿ ಹೊಂಡಕ್ಕೆ ಕಾವಲು ಹಾಕಿದ. ನೀರಿಗೆ ಹೋದ ಮೂಡಣದ ಹೆಂಗಸೊಬ್ಬಳ ಕೊಡವನ್ನು ಕಾವಲಿನವನು ಒಡೆದ; ಸಂಜೆಯೊಳಗೆ ಅವನ ಕೈ ತುಂಡಾಗಿ ಬಿತ್ತು. ಮರುದಿನ ಬೆಳಿಗ್ಗೆ ಎರಡು ದಂಡೂ ಈ ಓಣಿಯಲ್ಲಿ ಎದುರಾದವು. ಆಣೆ ಮುರಿದವನು ಅವನು, ನಾನಲ್ಲ ಎಂದು ಇಬ್ಬರದೂ ಹಟ. ಭಂಡಾರ ಅಳಿಸಿದವನೇ ತಪ್ಪಿತಸ್ಥನೆಂದಾಗುತ್ತದಲ್ಲ, ಹಾಗಾಗಿ ಯಾರೂ ಹಣೆ ಒರೆಸಿಕೊಳ್ಳಲಿಲ್ಲ, ಕೂಗನ್ನೂ ಬದಲಿಸಲಿಲ್ಲ. ಎಲ್ಲರ ಮುಖವೂ ಹಳದಿ, ಎಲ್ಲರ ಬಾಯಲ್ಲೂ ಮೈಲಾರ. ಆ ಇಕ್ಕಟ್ಟಿನಲ್ಲಿ ಬೀಸಿದ ಕತ್ತಿ ಮುಂದಿದ್ದವನಿಗೂ ತಗಲುತ್ತಿತ್ತು, ಹಿಂದಿದ್ದವನಿಗೂ ತಗಲುತ್ತಿತ್ತು. ಒಂದೇ ಏಣಿಯಲ್ಲಿ ಕೋಟೆ ಹತ್ತಿದವರು ಒಬ್ಬರ ಹೊಟ್ಟೆಗೊಬ್ಬರು ಈಟಿ ಇಳಿಸಿದರು. ಹೆಣದ ಮೇಲೆ ಹೆಣ ಬಿದ್ದು ಮನೆಗಳ ಬಾಗಿಲು ತೆರೆಯದಂತಾದವು, ಬಚ್ಚಲ ಮೋರಿಗಳಲ್ಲಿ ರಕ್ತ ಹರಿಯಿತು ಎನ್ನುತ್ತಾರೆ. ಅದರಲ್ಲಿ ತಮ್ಮವರನ್ನೇ ಕೊಂದವರೆಷ್ಟು ಮಂದಿಯೋ, ದೇವರಿಗೇ ಗೊತ್ತು.

ಹೊತ್ತು ಇಳಿಯುವಾಗ ತೋಳು ಸೋತವು. ಎರಡೂ ಕಡೆಯ ಹಿರಿಯರು ನಡುವೆ ಬಂದು, ಹೆಣ ಎತ್ತುವವರೆಗೆ ಯಾರೂ ಕಾದಾಡಬಾರದು, ಕೂಗಬಾರದು, ಕೂಗಿದರೆ ಮಾತು ಮುರಿದಂತೆ ಎಂದು ಒಪ್ಪಿಸಿದರು. ಉಳಿದವರು ಗೋಡೆಗೊರಗಿ ಕುಳಿತರು. ಪಡುವಣ ಬದಿಯ ಒಂದು ಮನೆಯಲ್ಲಿ, ಕೋಟೆ ಬಿದ್ದ ಮೇಲೆ ಬಂದು ನೆಲೆಸಿದ್ದ ನಿಂಬೆವ್ವ ಎಂಬ ವಿಧವೆಯಿದ್ದಳು. ಗಂಡ ಕೋಟೆ ಹತ್ತುವಾಗಲೇ ಸತ್ತಿದ್ದ. ಒಬ್ಬನೇ ಮಗ ದೇಸಾಯಿಯ ದಂಡಿನಲ್ಲಿದ್ದ. ಹರಕೆ ಹೊತ್ತು ಹೆತ್ತ ಮಗನಾದ್ದರಿಂದ ಮೈಲಾರಿ ಎಂದು ದೇವರ ಹೆಸರನ್ನೇ ಇಟ್ಟಿದ್ದಳು. ಬೆಳಿಗ್ಗೆ ಉಣ್ಣದೆ ಹೋಗಿದ್ದ. ಒಳಗಿದ್ದ ಅವಳಿಗೆ ಹಿರಿಯರ ಮಾತು ಕೇಳಿಸಲಿಲ್ಲ, ಗದ್ದಲ ನಿಂತದ್ದಷ್ಟೇ ತಿಳಿಯಿತು. ಮಾಳಿಗೆ ಹತ್ತಿ ಬಗ್ಗಿ ನೋಡಿದಳು. ಸತ್ತವರು, ಬದುಕಿದವರು, ಎಲ್ಲರದೂ ಅರಿಸಿನ ಮತ್ತು ರಕ್ತ ಮೆತ್ತಿದ ಒಂದೇ ಮುಖ. ಹೆತ್ತವಳಿಗೂ ಗುರುತು ಹತ್ತಲಿಲ್ಲ. ಕರುಳು ತಡೆಯದೆ "ಮೈಲಾರೀ!" ಎಂದು ಕೂಗಿಬಿಟ್ಟಳು.

ಕೆಳಗಿದ್ದವರಿಗೆ ಕೇಳಿಸಿದ್ದು ಮಗನ ಹೆಸರಲ್ಲ, ಯುದ್ಧದ ಕೂಗು. ಹೆಂಗಸಿನ ದನಿ ಎಂದು ಯೋಚಿಸುವ ವ್ಯವಧಾನ ಯಾರಿಗಿತ್ತು? ಮಾತು ಮುರಿದರೆಂದು ಎರಡೂ ಕಡೆಯವರು ಒಮ್ಮೆಗೇ ಎದ್ದರು. ಒಬ್ಬ ಮಾತ್ರ ಕತ್ತಿಗೆ ಕೈ ಹಾಕದೆ, ಮಾಳಿಗೆಯತ್ತ ಮುಖ ಎತ್ತಿ, "ಯವ್ವಾ, ಇಲ್ಲೇ ಅದೀನಿ" ಎಂದ. ಎತ್ತಿದ ಆ ಕೊರಳಿಗೇ ಏಟು ಬಿತ್ತು. ಆಮೇಲಿನ ಕಡಿದಾಟದಲ್ಲಿ ಹಗಲೆಲ್ಲ ಸತ್ತವರಿಗಿಂತ ಹೆಚ್ಚು ಮಂದಿ ಸತ್ತರು ಎನ್ನುತ್ತಾರೆ. ಕೊನೆಗೆ, ಕೂಗಿದವರು ಯಾರೆಂದು ಅಬ್ಬರಿಸುತ್ತ ನಾಯಕನೂ ದೇಸಾಯಿಯೂ ಬಂದರು. ನಿಂಬೆವ್ವ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಅವನ ಮುಖದ ಭಂಡಾರ ಒರೆಸುತ್ತಿದ್ದಳು.

"ನಾ ನನ್ನ ಮಗನ್ನ ಉಣ್ಣಾಕ ಕರದೆ," ಎಂದಳು. "ನಿಮ್ಮನ್ನ ಯಾರು ಕರದಿದ್ರು?"

ಬಲ ಕಳೆದುಕೊಂಡಿದ್ದ ನಾಯಕ, ದೇಸಾಯಿ ಇಬ್ಬರನ್ನೂ ಮುಂದಿನ ಬೇಸಿಗೆಯಲ್ಲಿ ಅದೇ ದೂರದ ದೊರೆ ಬಂದು ಹೊಡೆದೋಡಿಸಿದ. ತಪ್ಪೆಲ್ಲ ಕೂಗಿದವಳದು ಎನ್ನುವವರು ಊರಲ್ಲಿ ಈಗಲೂ ಇದ್ದಾರೆ. ಅಂಥ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನೋಡಲು ಬಂದವರಿಗೆ ತೋರಿಸೋಣವೆಂದರೆ ಓಣಿಯಲ್ಲಿ ಗುಡಿಯಿಲ್ಲ, ವೀರಗಲ್ಲಿಲ್ಲ. ಆದರೆ ಸಂಜೆ ಅಡಿಗೆಯಾಗುವ ಹೊತ್ತಿಗೆ ಬಂದು ನಿಲ್ಲಬೇಕು. ಓಣಿಯ ತುದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಇಲ್ಲಿಯ ತಾಯಂದಿರು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕರೆಯುವುದಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು, ಓಣಿಯುದ್ದಕ್ಕೂ ನಡೆದು ಹೋಗಿ, ಮಗುವಿನ ಮುಖವನ್ನು ಸರಿಯಾಗಿ ನೋಡಿ, ತೋಳು ಹಿಡಿದು ಉಣ್ಣಲು ಕರೆತರುತ್ತಾರೆ.