ಸಂಪಿಗೆ ಬೆರೆಸಿದ ಎಣ್ಣೆ

ಕಪಿಲೆಯ ದಂಡೆಯ ಮೇಲೊಂದು ಪುಟ್ಟ ಆಶ್ರಮ. ಅಲ್ಲಿ ಚಿಕ್ಕತಾಯಮ್ಮ ಎಂಬ ಗುರು ಇದ್ದರು. ಮಂತ್ರ ಹೇಳಿಕೊಡುವ ಗುರುವಲ್ಲ, ಎಣ್ಣೆಯ ಗುರು.

ಎಳ್ಳು, ಕೊಬ್ಬರಿ, ಹರಳು, ಹೊಂಗೆ, ಬೇವು: ಯಾವ ಎಣ್ಣೆ ಯಾವ ಚರ್ಮಕ್ಕೆ ಒಗ್ಗುತ್ತದೆ, ಯಾವುದು ಒಗ್ಗದು ಎಂದು ಅವರು ಮುಟ್ಟಿ ನೋಡಿಯೇ ಹೇಳುತ್ತಿದ್ದರು. ಸುತ್ತಿನ ಹಳ್ಳಿಗಳ ಹಸುಗೂಸುಗಳೆಲ್ಲ ಅವರ ಕಾಲ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಂಡವೇ.

ಶಿಷ್ಯೆ ರೇವಿ ಬಂದು ಮೂರು ವರ್ಷವಾಗಿತ್ತು. ಕಾಯಿ ತುರಿದಳು, ಹಾಲು ಹಿಂಡಿದಳು, ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಳು. ಮಗುವನ್ನು ಮುಟ್ಟಲು ಮಾತ್ರ ಅಪ್ಪಣೆ ಸಿಕ್ಕಿರಲಿಲ್ಲ.

"ನಾನು ಹಚ್ಚೋದು ಯಾವಾಗವ್ವಾ?"

"ನೀನೇ ಕಾಸಿ ತೆಗೆದ ಎಣ್ಣೆ ಒಂದು ತಿಂಗಳು ಕೆಡದೆ ನಿಲ್ಲಲಿ. ಆಮೇಲೆ ಬರೋ ಮೊದಲ್ನೇ ಮಗು ನಿಂದು."

ರೇವಿ ಅಂದೇ ಕಾಯಿಹಾಲು ಒಲೆಯ ಮೇಲಿಟ್ಟಳು. ಚಟಪಟ ಸದ್ದು ನಿಲ್ಲುವವರೆಗೆ ಕಾದಳು. ಬಿಳಿಯ ಬಟ್ಟೆಯಲ್ಲಿ ಸೋಸಿದಳು. ಎಲ್ಲ ಸರಿಯಾಗಿಯೇ ಇತ್ತು.

ಆದರೆ ಇರುವೆ ಬಿದ್ದಾವೆಂದು ಹೆದರಿ, ಎಣ್ಣೆ ಆರುವ ಮೊದಲೇ ಮಡಕೆಯ ಬಾಯಿ ಮುಚ್ಚಿಬಿಟ್ಟಳು. ಮುಚ್ಚಳ ಒಳಗೊಳಗೇ ಬೆವರಿತು. ಆ ನೀರೆಲ್ಲ ಎಣ್ಣೆಗಿಳಿಯಿತು.

ಆ ಆಶ್ರಮದಲ್ಲೊಂದು ಪದ್ಧತಿಯಿತ್ತು. ಯಾವ ಎಣ್ಣೆಯನ್ನೇ ಆಗಲಿ ಮೈಗೆ ಹಚ್ಚುವ ಮುನ್ನ ಮೊದಲು ಶಿಷ್ಯೆ ಮೂಸಬೇಕು. ಅವಳು ಮೂಸುವಾಗ ಗುರು ಅವಳನ್ನೇ ನೋಡುತ್ತ ಕೂತಿರುತ್ತಿದ್ದರು. ಆಮೇಲೆ ತಾವೂ ಬಗ್ಗಿ, "ಆಗಬಹುದು" ಅನ್ನುವರು, ಇಲ್ಲವೇ "ದೀಪಕ್ಕೆ ಹುಯ್ಯಿ" ಅನ್ನುವರು.

ಅವರ ಮಾತು ಒಮ್ಮೆಯೂ ತಪ್ಪಿದ್ದಿಲ್ಲ. ಅಂಥ ಮೂಗು ಈ ಸೀಮೆಯಲ್ಲೇ ಇಲ್ಲ ಎಂದು ರೇವಿ ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು.

ತಿಂಗಳಿಗೆ ಒಂದೇ ದಿನ ಬಾಕಿ ಇದೆ ಎನ್ನುವಾಗ ತಡೆಯಲಾರದೆ ಕದ್ದು ಮುಚ್ಚಳ ತೆಗೆದಳು. ಕಮಟು ವಾಸನೆ ಮುಖಕ್ಕೆ ರಾಚಿತು.

ಹೊಳೆಯ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಅತ್ತು ಎದ್ದವಳು ಸುಮ್ಮನಿರಬಾರದೇ? ಬುದ್ಧಿವಂತಿಕೆ ಎನ್ನುವುದು ಬೇಡದ ಹೊತ್ತಿಗೇ ಓಡಿ ಬರುತ್ತದೆ. ಬೊಗಸೆ ತುಂಬ ಸಂಪಿಗೆ ತಂದು ಎಣ್ಣೆಯಲ್ಲಿ ನೆನೆಹಾಕಿದಳು. ಬೆಳಗಾಗುವ ಹೊತ್ತಿಗೆ ಕಮಟೆಲ್ಲ ಅಡಗಿ ಹೂವಿನ ಘಮಲು ಮೇಲೆದ್ದಿತ್ತು. ಹಸುಗೂಸಿನ ಎಣ್ಣೆಗೆ ಹೂವು ಸೋಕಿಸಬಾರದು ಎಂಬುದು ಅವಳು ಅಲ್ಲಿ ಕಲಿತ ಮೊದಲ ಪಾಠವಾಗಿತ್ತು.

ತಿಂಗಳು ತುಂಬಿದ ಆ ದಿನವೇ ಆಚೆ ದಡದ ಜವರಿ ಬಂದಳು. ಎರಡು ತಿಂಗಳ ಮಗು ಸೆರಗಿನೊಳಗೆ ಕೊಸರಾಡುತ್ತಿತ್ತು.

"ರಾತ್ರಿಯೆಲ್ಲಾ ಅಳ್ತದೆ ಕನವ್ವಾ. ಮುಟ್ಟುದ್ರೆ ಮೈಯಿಂದ ಹೊಟ್ಟು ಉದುರ್ದಂಗೆ ಉದುರ್ತದೆ."

ಮಗುವಿನ ಮೊಣಕೈಯ ಮಡಿಕೆಯಲ್ಲಿ ಚರ್ಮ ಬಿರಿದು ಕೆಂಪಗಾಗಿತ್ತು. ರೇವಿ ಬಗ್ಗಿ ಅದನ್ನೇ ನೋಡಿದಳು.

"ತಗೊಂಬಾರೇ ನಿನ್ನ ಎಣ್ಣೆ," ಅಂದರು ಚಿಕ್ಕತಾಯಮ್ಮ. ಅವರ ದನಿಯಲ್ಲಿ ಹಬ್ಬದ ಸಡಗರವಿತ್ತು.

ರೇವಿ ಮಡಕೆ ತಂದಿಟ್ಟು ಬಗ್ಗಿದಳು. ಉಸಿರು ಬಿಗಿಹಿಡಿದಳು. ಮುಖದ ಒಂದು ಗೆರೆಯೂ ಅಲುಗದಂತೆ ನೋಡಿಕೊಂಡಳು. ಇನ್ನು ಗುರು ಮೂಸುತ್ತಾರೆ, ತನ್ನ ಕಥೆ ಮುಗಿಯುತ್ತದೆ ಎಂದು ಕಾದಳು.

ಗುರು ಅವಳನ್ನು ನೋಡಿದರು. ಬಗ್ಗಿದರು. ಎದ್ದರು.

"ಆಗಬಹುದು. ಗೆದ್ದೆ ಕಣೇ ರೇವಿ! ಮೊದಲು ನಾನೊಂದು ಅಂಗೈ ಹಚ್ಚಿ ತೋರಿಸ್ತೀನಿ, ಆಮೇಲೆ ಮಗು ನಿನಗೇ."

ಅವರು ಅಂಗೈಗೆ ಎಣ್ಣೆ ಸುರಿದುಕೊಂಡರು. ಜವರಿ ಮೂಗರಳಿಸಿದಳು.

"ಏನವ್ವಾ, ಸಂಪಿಗೆ ಹಂಗೆ ಘಮ್ಮಂತದಲ್ಲ!"

"ಹೌದಾ? ಹೊಳೆದಂಡೆ ಮರ ಹೂ ಬಿಟ್ಟಿರಬೇಕು. ಗಾಳಿಗೆ ಬಂದಿದ್ದೀತು."

ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸಂಪಿಗೆ ಅವರ ಅಂಗೈಯಲ್ಲೇ, ಮೂಗಿನ ಮುಂದೆಯೇ ಇತ್ತು.

ರೇವಿಗೆ ಅರ್ಥವಾಯಿತು. ಗುರುವಿಗೆ ವಾಸನೆಯೇ ಬರುವುದಿಲ್ಲ. ಇದು ಕೆಟ್ಟ ಎಣ್ಣೆ ಎಂದು ಈ ಲೋಕದಲ್ಲಿ ಬಲ್ಲವಳು ತಾನೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ಯಾರ ಭಯವೂ ಇಲ್ಲ. ಮೂರು ವರ್ಷದಿಂದ ಕಾದ ಮಗು ಕೈಗೆ ಬರುತ್ತದೆ.

ಗುರುವಿನ ಅಂಗೈ ಆ ಬಿರಿದ ಚರ್ಮದ ಕಡೆಗೆ ಇಳಿಯುತ್ತಿತ್ತು.

ರೇವಿ ಹಾರಿ ಬಂದು ಆ ಕೈ ಹಿಡಿದಳು.

"ಬೇಡವ್ವಾ! ಕೆಟ್ಟಿದೆ! ಕಮಟು ಮುಚ್ಚೋಕೆ ನಾನೇ ಹೂವು ಹಾಕಿದೆ."

ಜವರಿ ಮಗುವನ್ನು ಎದೆಗವಚಿಕೊಂಡಳು. ಚಿಕ್ಕತಾಯಮ್ಮ ತಮ್ಮ ಅಂಗೈಯನ್ನೇ ನೋಡುತ್ತ ಕೂತರು.

"ನೀನು ಬಂದ ವರ್ಷ ನಂಗೆ ಜ್ವರ ಬಂತಲ್ಲ," ಅಂದರು ನಿಧಾನವಾಗಿ. "ಜ್ವರ ಹೋಗ್ತಾ ಮೂಗನ್ನೂ ತಗೊಂಡು ಹೋಯ್ತು."

"ಮತ್ತೆ ಒಂದ್ಸಲಾನೂ ನಿಮ್ಮ ಮಾತು ತಪ್ಪಲಿಲ್ಲವಲ್ಲ?"

"ನೀನು ಮೂಸೋವಾಗ ನಿನ್ನ ಮುಖ ನೋಡ್ತಿದ್ದೆ. ಎಳೇ ಮುಖ, ಏನೂ ಬಚ್ಚಿಡೋಕೆ ಬರ್ತಿರಲಿಲ್ಲ ಅದಕ್ಕೆ."

ರೇವಿಗೆ ದುಃಖ ಉಕ್ಕಿ ಬಂತು. ಅಲ್ಲೇ ನೆಲದ ಮೇಲೆ ಕುಸಿದು ಗುರುವಿನ ಪಾದಕ್ಕೆ ಹಣೆ ಹಚ್ಚಿದಳು.

"ಇವತ್ತು ಆ ಮುಖದಿಂದಲೇ ಸುಳ್ಳು ಹೇಳಿಸಿದೆ. ನಾನು ಊರಿಗೆ ಹೊರಟುಹೋಗ್ತೀನಿ ಅವ್ವಾ. ನಂಗೆ ಈ ವಿದ್ಯೆ ಬೇಡ."

"ಹೋಗೋದು ಇದ್ದೇ ಇದೆ. ಮಗು ಅಳ್ತಾ ಇದೆಯಲ್ಲ, ಇದಕ್ಕೆ ಯಾವ ಎಣ್ಣೆ ಹಚ್ಚೋಣ?"

ರೇವಿ ಮೂಗೊರೆಸಿಕೊಂಡಳು. "ಸಣ್ಣ ಮಡಕೇದು. ಹೋದ ವಾರ ನೀವು ಕಾಸಿದ್ದು. ಬೆಳಿಗ್ಗೆ ಮೂಸಿದೆ, ಚೆನ್ನಾಗಿದೆ."

ಚಿಕ್ಕತಾಯಮ್ಮ ಅಂಗೈಯನ್ನು ಸೀಗೆಪುಡಿ ಹಾಕಿ ತೊಳೆದರು. ಸಣ್ಣ ಮಡಕೆ ತಂದು ಮುಚ್ಚಳ ತೆಗೆದರು. ಮೂಸಲು ಬಗ್ಗಲಿಲ್ಲ. ರೇವಿಯ ಕಡೆ ಕಣ್ಣನ್ನೂ ಹೊರಳಿಸಲಿಲ್ಲ.

"ಕಾಲು ನೀಡಿ ಕೂತ್ಕೋ ರೇವಿ," ಅಂದರು.

ಜವರಿ ಒಂದು ಗಳಿಗೆ ಹಿಂದೆ ಮುಂದೆ ನೋಡಿದಳು. ಆಮೇಲೆ ತಾನೇ ಮುಂದೆ ಬಂದು ರೇವಿಯ ಕಾಲ ಮೇಲೆ ಮಗುವನ್ನು ಮಲಗಿಸಿದಳು. ಗುರು ಶಿಷ್ಯೆಯ ಅಂಗೈಗೆ ಎಣ್ಣೆ ಸುರಿದರು.

ರೇವಿಯ ಕೈ ಮುಂದೆ ಹೋಗಲೊಲ್ಲದು.

"ಅವ್ವಾ, ಈ ಸಲ ನನ್ನ ಮುಖಾನೇ ನೋಡಲಿಲ್ಲವಲ್ಲ ನೀವು?"

ಚಿಕ್ಕತಾಯಮ್ಮ ಮಗುವಿನ ಪಕ್ಕಕ್ಕೆ ಮಣೆ ಎಳೆದುಕೊಂಡು ಕೂತರು.

"ಇನ್ನು ನೀನೇ ಬಾಯಿಬಿಟ್ಟು ಹೇಳ್ತೀಯಲ್ಲ, ತಾಯಿ. ನಾನು ಆರಾಮಾಗಿ ಮಗು ಮುಖ ನೋಡ್ತಾ ಕೂತ್ಕೋತೀನಿ."