ಅಡಿವೆಪ್ಪನ ನಶ್ಯದ ಸೀಸೆ

ಮಹಾರುದ್ರಪ್ಪನಿಗೆ ಒಂದೇ ಹುಚ್ಚು. ಹಿಂದಿನ ಕಾಲದಲ್ಲಿ ಚೀನಾದವರು ಜೇಡ್ ಎಂಬ ಬೆಲೆಬಾಳುವ ಕಲ್ಲಿನಲ್ಲಿ ಕೆತ್ತುತ್ತಿದ್ದ ಪುಟ್ಟ ನಶ್ಯದ ಸೀಸೆಗಳನ್ನು ಕೂಡಿಹಾಕುವುದು. ಅವನ ಕಪಾಟಿನಲ್ಲಿ ಅಂಥವು ನಲವತ್ತು ಇದ್ದವು. ನಶ್ಯವನ್ನು ಮಾತ್ರ ಅವನು ಮೂಸಿಯೂ ನೋಡಿದವನಲ್ಲ.

ಒಂದು ಬೆಳಿಗ್ಗೆ ಅವನು ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಅವನ ಗುರುಗಳಾದ ಅಜ್ಜಾವರು ಕಟ್ಟೆಯ ಮೇಲೆ ಕೂತು ಒಂದು ಸೀಸೆಗೆ ನಶ್ಯ ತುಂಬುತ್ತಿದ್ದರು. ಹೆಬ್ಬೆರಳುದ್ದದ ಸೀಸೆ. ತಿಳಿಹಸಿರು ಕಲ್ಲು, ಅದರಲ್ಲಿದ್ದ ಕಂದು ಕಲೆಯನ್ನೇ ಮೀನಾಗಿ ಕೆತ್ತಲಾಗಿತ್ತು.

ಮಹಾರುದ್ರಪ್ಪ ಬಗ್ಗಿ ನೋಡಿದ.

"ಅಜ್ಜಾರ, ಇದು ಅಡಿವೆಪ್ಪಂದಲ್ಲೇನ್ರಿ?"

"ಹೌದು. ನಿನ್ನೆ ಕೊಟ್ಟು ಹೋದ. ಗಾಜಿಂದಂತ. ನೀನ ಹೇಳಿದ್ಯಂತಲ್ಲ?"

ಹೇಳಿದ್ದು ನಿಜ. ಈ ಹುಚ್ಚು ಹೊಸದಾಗಿ ಹಿಡಿದಿದ್ದ ಅಡಿವೆಪ್ಪನ ಬಳಿ ಇದ್ದದ್ದು ಅದೊಂದೇ ಸೀಸೆ. ಅದನ್ನು ಅವನು ಮನೆಗೆ ತಂದು ತೋರಿಸಿದಾಗಿನಿಂದ ಮಹಾರುದ್ರಪ್ಪನಿಗೆ ತನ್ನ ನಲವತ್ತೂ ಸಪ್ಪೆಯಾಗಿದ್ದವು. ಇಷ್ಟು ವರ್ಷ ಹುಡುಕಿದರೂ ತನಗೆ ಸಿಗದ್ದು ಈ ಹೊಸಬನಿಗೆ ಹೇಗೆ ಸಿಕ್ಕಿತು ಎಂದು ಹೊಟ್ಟೆ ಉರಿದುಹೋಗಿತ್ತು. "ಗಾಜು ಇದು, ಮೋಸ ಹೋದಿ" ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದ.

"ನನಗ ಕೊಡ್ರಿ ಅಜ್ಜಾರ. ನಿಮಗ ಬೆಳ್ಳಿ ಡಬ್ಬಿ ತಂದುಕೊಡ್ತೀನಿ."

"ಗಾಜಿನ ಸೀಸೆಗೆ ಬೆಳ್ಳಿ ಡಬ್ಬಿ?" ಅಜ್ಜಾವರು ನಕ್ಕರು.

ಸೀಸೆಯ ಬಿರಡೆ ಹಾಕಿ, ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಮುಟಿಗ್ಯಾಗ ಹಿಡಿ. ಗಾಜು ಲಗೂನ ಬೆಚ್ಚಗಾಗತೈತಿ, ಕಲ್ಲು ಆಗಂಗಿಲ್ಲ ಅಂತ ನೀವ ಈ ಹುಚ್ಚಿನವರು ಹೇಳ್ತೀರಲ್ಲ? ಬೆಚ್ಚಗಾದರ ಗಾಜು, ನೀನ ಇಟ್ಕೊ. ಆದರ ಬದುಕಿರೂತನಕ ಎಲ್ಲಾರಿಗೂ ಗಾಜು ಅಂತನ ತೋರಸಬೇಕು. ತಣ್ಣಗ ಇದ್ದರ ಕಲ್ಲು, ಅದು ಅಡಿವೆಪ್ಪಂದು."

ಅವನು ಹಿಡಿದು ಕೂತ. ಬೆರಳಿಗೆ ಮೆತ್ತಿದ್ದ ನಶ್ಯದ ಘಾಟಿಗೆ ಎರಡು ಸಲ ಸೀನಿದ. ಮುಷ್ಟಿ ಮಾತ್ರ ಬಿಡಲಿಲ್ಲ.

ಅಜ್ಜಾವರು ಹೊಳೆಗಿಳಿದು ತಂಬಿಗೆಯಲ್ಲಿ ನೀರು ತಂದರು.

"ಬೆಚ್ಚಗಾತೇನು?"

ಆತು ಎಂದರೆ ಸಾಕು, ಸೀಸೆ ಅವನದು. ಅದಕ್ಕಾಗಿ ಅವನಿಗೆ ಎಷ್ಟೋ ದಿನದಿಂದ ಊಟ ರುಚಿಸಿರಲಿಲ್ಲ. ಆದರೆ ಇಂಥದ್ದನ್ನು ಕಪಾಟಿನಲ್ಲಿಟ್ಟುಕೊಂಡು ದಿನಾ ಗಾಜು ಗಾಜು ಎನ್ನುವುದು ಅವನ ಕೈಲಾಗದ ಮಾತು.

"ಇಲ್ರಿ. ಕಲ್ಲು ಐತ್ರಿ. ಇಷ್ಟು ಚಲೋದು ನಾ ಎಲ್ಲೂ ನೋಡಿಲ್ಲ. ನನ್ನ ನಲವತ್ತೂ ಇದರ ಮುಂದ ಏನೂ ಅಲ್ಲ."

"ಹೋಗಿ ಕೊಟ್ಟು ಬಾ."

"ಏನಂತ ಹೇಳಿ ಕೊಡ್ಲಿ ಅಜ್ಜಾರ?"

"ಈಗ ಹೇಳಿದ್ಯಲ್ಲ, ಅದನ್ನ. ಆ ಮಾತು ನಿನ್ನ ಬಾಯಿಂದ ಕೇಳಾಕಂತನ, ಸೀಸೆ ಕೊಂಡ ದಿನ ಅಂವ ತನ್ನ ಮನಿಗೂ ಹೋಗದ ಮೊದಲ ನಿನ್ನ ಮನಿಗೆ ಬಂದಿದ್ದ."