ಎರಡನೆಯ ಸಲ ತೆರೆಯದ ಮುಚ್ಚಳ

"ಗುರುಗಳೇ, ಗೀಳು ಹಿಡಿದವನಿಗೆ ತನ್ನ ಭಯ ಸುಳ್ಳೆಂದು ಗೊತ್ತಿರುತ್ತದೆ. ಗೊತ್ತಿದ್ದೂ ಅವನೇಕೆ ನಿಲ್ಲಿಸಲಾರ? ಸಂಮೋಹನ ಬಲ್ಲವರು ಅವನ ಕಣ್ಣು ಮುಚ್ಚಿಸಿ ಆ ಭಯವನ್ನು ಕಿತ್ತುಹಾಕಬಲ್ಲರೇ?"

ಶಿಷ್ಯ ಹೀಗೆ ಕೇಳಿದ. ಅವನ ಅಣ್ಣ ಚರ್ಮ ಸುಲಿಯುವವರೆಗೂ ಕೈ ತೊಳೆಯುತ್ತಾನೆಂಬುದು ಗುರುಗಳಿಗೆ ಗೊತ್ತಿತ್ತು. ಅವರು ಆ ಮಾತು ಎತ್ತಲಿಲ್ಲ. ಈ ಕತೆ ಹೇಳಿದರು.

ಯಾತ್ರಿಕರು ನಡೆದು ಹೋಗುವ ದಾರಿಯಲ್ಲಿ ಒಂದು ಛತ್ರವಿತ್ತು. ಅಲ್ಲಿ ಕಲ್ಲಪ್ಪನೆಂಬ ಅಡುಗೆಯವನಿದ್ದ. ಅವನ ಹೆಂಡತಿ ನೀಲವ್ವ ಅವನ ಜೊತೆಗೇ ಒಲೆಯ ಮುಂದೆ ದುಡಿಯುತ್ತಿದ್ದಳು. ದಿನವೂ ಇನ್ನೂರು ಮುನ್ನೂರು ಜನ ಅಲ್ಲಿ ಉಣ್ಣುತ್ತಿದ್ದರು. ಒಮ್ಮೆ ಅವನ ಸಾರು ಉಂಡವರು ಮರುವರ್ಷ ಬಂದಾಗ ಅವನಿದ್ದಾನೆಯೇ ಎಂದು ಕೇಳಿಯೇ ಕೈಕಾಲು ತೊಳೆಯುತ್ತಿದ್ದರು.

ಒಂದು ಬೆಳಿಗ್ಗೆ ಸಾರಿನ ಕೊಪ್ಪರಿಗೆಯನ್ನು ಇಳಿಸಿ ಮುಚ್ಚಳ ಹಾಕಿದ ಮೇಲೆ ಕಲ್ಲಪ್ಪನಿಗೆ ಒಂದು ಯೋಚನೆ ಬಂತು. ಒಳಗೆ ಹಲ್ಲಿ ಬಿದ್ದಿದ್ದರೆ? ಮುಚ್ಚಳ ತೆಗೆದು ನೋಡಿದ. ಏನೂ ಇರಲಿಲ್ಲ. ಮುಚ್ಚಿದ. ಮುಚ್ಚುವಾಗ ಬಿದ್ದಿದ್ದರೆ? ಮತ್ತೆ ತೆಗೆದು, ಸೌಟಿನಿಂದ ತಳ ಕೆದಕಿ ನೋಡಿದ. ಏನೂ ಇರಲಿಲ್ಲ. ಆ ದಿನ ಮೂರು ಸಲ ನೋಡಿ ಬಡಿಸಿದ.

ಇಂಥ ಯೋಚನೆ ಅಡುಗೆ ಮಾಡುವ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ. ಬಂದು ಹೋಗುತ್ತದೆ. ಕಲ್ಲಪ್ಪನಿಗೆ ಹೋಗಲಿಲ್ಲ. ನೋಡಿದಾಗ ಎದೆ ಹಗುರಾಗುತ್ತಿತ್ತು. ಆ ಹಗುರಕ್ಕಾಗಿ ಮತ್ತೆ ನೋಡುತ್ತಿದ್ದ. ಮೂರು ಸಲ ಹತ್ತಾಯಿತು, ಹತ್ತು ಮೂವತ್ತಾಯಿತು. ಕೊನೆಗೆ ತನ್ನ ಕಣ್ಣನ್ನೇ ನಂಬಲಾರದೆ ಹೆಂಡತಿಯನ್ನು ಕೇಳತೊಡಗಿದ.

"ನೀಲಾ, ನೀನು ನೋಡಿದೆಯಾ?"

"ನೋಡಿದೆ. ಏನೂ ಇಲ್ಲ."

"ತಳದವರೆಗೂ ನೋಡಿದೆಯಾ?"

"ತಳದವರೆಗೂ ನೋಡಿದೆ."

ಅವನ ಸಂಕಟ ನೋಡಲಾರದೆ ಅವಳು ಹಾಗೆ ಹೇಳುತ್ತಿದ್ದಳು. ಮೊದಮೊದಲು ಅವಳ ಮಾತು ಒಂದು ಪಂಕ್ತಿ ಮುಗಿಯುವವರೆಗೆ ಸಾಕಾಗುತ್ತಿತ್ತು. ಬರಬರುತ್ತಾ ಅವಳ ಮಾತು ಮುಗಿಯುವ ಮೊದಲೇ ಅನುಮಾನ ಮರಳುತ್ತಿತ್ತು. ಯಾರೋ ಹೇಳಿದರೆಂದು ಮುಚ್ಚಳ ಹಾಕುವಾಗ ಹನ್ನೊಂದು ಸಲ ದೇವರ ಹೆಸರು ಹೇಳಿ ನೋಡಿದ. ಹೇಳಿದ್ದು ಹತ್ತೋ ಹನ್ನೊಂದೋ ಎಂದು ಅದೂ ಒಂದು ಅನುಮಾನವಾಯಿತು.

ಕೇಳಿದವರಿಗೆ, "ಹಲ್ಲಿ ಇಲ್ಲವೆಂದು ನನಗೂ ಗೊತ್ತು" ಎನ್ನುತ್ತಿದ್ದ. "ಆದರೆ ಇದ್ದರೆ, ಇಷ್ಟು ಜನಕ್ಕೆ ವಿಷ ಬಡಿಸಿದವನು ನಾನಾಗುತ್ತೇನೆ" ಎಂದೂ ಹೇಳುತ್ತಿದ್ದ. ಅವನಿಗೆ ಎರಡೂ ನಿಜವಾಗಿದ್ದವು.

ಶ್ರಾವಣದ ಮೊದಲ ಸೋಮವಾರ ಜನ ಎಲೆ ಹಾಕಿಕೊಂಡು ಕೂತಿದ್ದರು. ಕಲ್ಲಪ್ಪ ಒಂದು ಕೊಪ್ಪರಿಗೆ ಸಾರನ್ನು ಹಿತ್ತಿಲಿಗೆ ಸುರಿದ. ಎರಡನೆಯದನ್ನೂ ಸುರಿದ. ಮೂರನೆಯದಕ್ಕೆ ಬೇಳೆ ಹಾಕಿದ. ಬೆಳಗಿನಿಂದ ನಡೆದು ಬಂದಿದ್ದ ಒಬ್ಬ ಬಸುರಿ ಹೆಂಗಸು ಅಡುಗೆಮನೆಯ ಬಾಗಿಲಿಗೆ ಬಂದು, "ಸಾರು ಬೇಡಪ್ಪ, ಬರೀ ಅನ್ನವನ್ನೇ ಹಾಕು" ಎಂದಳು. ಅನ್ನದ ಮೇಲೂ ಅವನಿಗೆ ಅನುಮಾನ ಬಂದಿತ್ತು. ಬಡಿಸಲು ಕೈ ಎತ್ತಲಿಲ್ಲ. ಆಕೆ ಸ್ವಲ್ಪ ಹೊತ್ತು ನಿಂತು, ಖಾಲಿ ಎಲೆ ಮಡಚಿಟ್ಟು ಹೊರಟುಹೋದಳು.

ಛತ್ರ ನೋಡಿಕೊಳ್ಳುವವರು ಅವನನ್ನು ಕರೆದರು. "ಕಲ್ಲಪ್ಪ, ನಿನ್ನ ಕೈರುಚಿ ನನಗೂ ಗೊತ್ತು. ಆದರೆ ಹಸಿದವರು ಹೀಗೆ ಎದ್ದು ಹೋಗಬಾರದು. ದೀಪಾವಳಿಯೊಳಗೆ ಸರಿಮಾಡಿಕೋ. ಆಗದಿದ್ದರೆ ಸೌಟನ್ನು ಬೇರೆಯವರಿಗೆ ಕೊಡು" ಎಂದರು.

ನೀಲವ್ವ ಅವನನ್ನು ಒಬ್ಬ ವೈದ್ಯೆಯ ಬಳಿಗೆ ಕರೆದೊಯ್ದಳು. ಆಕೆ ಸಂಮೋಹನ ಬಲ್ಲವಳು. "ಇದು ನಿದ್ದೆಯಲ್ಲ. ನಿನ್ನ ಬುದ್ಧಿ ನಿನ್ನ ಹತ್ತಿರವೇ ಇರುತ್ತದೆ. ಬೇಡವೆನಿಸಿದರೆ ಎದ್ದು ಹೋಗಬಹುದು" ಎಂದು ಹೇಳಿ ಅವನನ್ನು ಒರಗಿ ಕೂರಿಸಿದಳು. ಉಸಿರನ್ನು ಗಮನಿಸಲು ಹೇಳಿದಳು. ಭುಜ ಸಡಿಲಿತು, ಕೈ ಸಡಿಲಿತು, ಕಣ್ಣು ತಾನಾಗಿ ಮುಚ್ಚಿತು. ಆಗ ಆಕೆ, "ನಿನ್ನ ಕೊಪ್ಪರಿಗೆಯಲ್ಲಿ ಹಲ್ಲಿ ಇಲ್ಲ. ಇನ್ನು ಆ ಭಯ ನಿನಗೆ ಬಾರದು" ಎಂದಳು.

ಕಲ್ಲಪ್ಪ ಒಂಬತ್ತು ದಿನ ನೆಮ್ಮದಿಯಾಗಿ ಬಡಿಸಿದ. ಹತ್ತನೆಯ ದಿನ ಹೊಸ ಅನುಮಾನ ಬಂತು. ವೈದ್ಯೆಯ ಮಾತಿನ ಬಲ ತೀರಿಹೋಗಿದ್ದರೆ? ಅವನು ಮತ್ತೆ ಹೋಗಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿರೆಂದು ಬೇಡಿಕೊಂಡ.

ಆಕೆ ಹೇಳಲಿಲ್ಲ. "ತಪ್ಪು ನನ್ನದು. ನಿನ್ನ ಹೆಂಡತಿ ದಿನವೂ ಹೇಳುತ್ತಿದ್ದುದನ್ನೇ ನಾನು ಕಣ್ಣು ಮುಚ್ಚಿಸಿ ಹೇಳಿದೆ" ಎಂದಳು.

"ಹಾಗಾದರೆ ಈ ಭಯ ಎಲ್ಲಿಂದ ಬಂತೆಂದು ನನ್ನೊಳಗೆ ಹುಡುಕಿ, ತಾಯಿ."

"ಹುಡುಕಿದರೆ ಏನಾದರೊಂದು ಸಿಕ್ಕೀತು. ಅದೇ ನಿಜವೆಂದು ಯಾರು ಹೇಳಬೇಕು? ಆಮೇಲೆ ಅದನ್ನೂ ನೀನು ಸೌಟು ಹಾಕಿ ಕೆದಕುತ್ತಾ ಕೂರುತ್ತೀ."

ಈ ಸಲ ಆಕೆ ಬೇರೆ ದಾರಿ ಹಿಡಿದಳು. ಅವನ ಮೈ ಸಡಿಲಿದ ಮೇಲೆ, ಒಲೆಯ ಮುಂದೆ ನಿಂತಿರುವುದಾಗಿ ನೆನೆಯಲು ಹೇಳಿದಳು. ಮನಸ್ಸಿನಲ್ಲೇ ಮುಚ್ಚಳ ಹಾಕಿಸಿದಳು. ಅನುಮಾನ ಬಂತು. ಕಲ್ಲಪ್ಪನ ಹಣೆ ಬೆವರಿತು, ಬೆರಳು ಸೆಟೆದವು. "ತೆಗೆಯಬೇಡ. ಓಡಿಸಲೂ ಬೇಡ. ಅದು ಎಷ್ಟು ಏರುತ್ತದೆ ನೋಡುತ್ತಿರು. ನಾನು ಇಲ್ಲೇ ಇದ್ದೇನೆ" ಎಂದಳು. ಭಯ ಏರಿತು. ಇನ್ನು ತಾಳಲಾರೆ ಎನ್ನುವಷ್ಟು ಏರಿತು. ಅಲ್ಲೇ ನಿಂತಿತು. ಬಹಳ ಹೊತ್ತಿನ ಮೇಲೆ, ಯಾರೂ ಏನೂ ಮಾಡದೆಯೇ, ಇಳಿಯತೊಡಗಿತು. ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ಅವನು ಅಂದೇ ಮೊದಲು ಕಂಡದ್ದು. ಅಲ್ಲಿಯವರೆಗೆ ಪ್ರತಿ ಸಲವೂ ಅದು ಇಳಿಯುವ ಮೊದಲೇ ಅವನು ಮುಚ್ಚಳ ತೆಗೆದುಬಿಡುತ್ತಿದ್ದ.

ಹಲವು ವಾರ ಇದೇ ಅಭ್ಯಾಸ ನಡೆಯಿತು. ಆಮೇಲೆ ಕಣ್ಣು ತೆರೆದುಕೊಂಡು, ವೈದ್ಯೆಯ ಮನೆಯ ಸಣ್ಣ ಪಾತ್ರೆಯ ಮುಂದೆ. ಆಮೇಲೆ ಅವನದೇ ಒಲೆಯ ಮುಂದೆ. "ಎಲ್ಲ ಅಡುಗೆಯವರಂತೆ ಒಂದು ಸಲ ನೋಡು. ಅದು ಉಣ್ಣುವವರಿಗಾಗಿ. ಎರಡನೆಯದು ನಿನ್ನ ಭಯಕ್ಕಾಗಿ. ಅದನ್ನು ಬಿಡು" ಎಂಬುದು ಆಕೆ ಕೊಟ್ಟ ಕಟ್ಟಳೆ. ಎಲ್ಲರಿಗೂ ಇದರಿಂದ ಗುಣವಾಗುತ್ತದೆಂದು ಆಕೆ ಹೇಳಲಿಲ್ಲ. ಕೆಲವರಿಗೆ ಔಷಧ ಬೇಕಾಗುತ್ತದೆ, ಕೆಲವರಿಗೆ ಸಂಮೋಹನ ಹತ್ತುವುದೇ ಇಲ್ಲ, ಅಂಥವರಿಗೆ ಎಚ್ಚರದಲ್ಲೇ ಈ ಅಭ್ಯಾಸ ಮಾಡಿಸಬೇಕು ಎಂದಳು. ನೀಲವ್ವನನ್ನೂ ಕೂರಿಸಿಕೊಂಡು ಒಂದು ಮಾತು ಕಲಿಸಿದಳು.

ದೀಪಾವಳಿಗೆ ಮುಂಚಿನ ವಾರ ಛತ್ರ ತುಂಬಿತ್ತು. ಜನ ಎಲೆಯ ಮುಂದೆ ಕೂತಿದ್ದರು. ಕಲ್ಲಪ್ಪ ಒಮ್ಮೆ ನೋಡಿ ಮುಚ್ಚಳ ಹಾಕಿದ. ಅನುಮಾನ ಎಂದಿಗಿಂತ ಜೋರಾಗಿ ಬಂತು.

"ನೀಲಾ, ನೀನು ನೋಡಿದೆಯಾ?"

"ನಾನು ಹೇಳುವುದಿಲ್ಲ."

"ಒಂದೇ ಒಂದು ಸಲ ಹೇಳು."

"ಹೇಳುವುದಿಲ್ಲ" ಎಂದಳು. ಆದರೆ ಅವಳು ಅಲ್ಲಿಂದ ಕದಲಲಿಲ್ಲ.

ಕಲ್ಲಪ್ಪ ಕೊಪ್ಪರಿಗೆಯ ಪಕ್ಕದಲ್ಲೇ ನಿಂತ. ಪಂಕ್ತಿಯಲ್ಲಿ ಒಂದು ಮಗು ಅತ್ತಿತು. ಅವನು ಬಕೆಟ್ಟಿಗೆ ಸಾರು ತುಂಬಿಸಿಕೊಂಡ. ತುಂಬುವಾಗ ಬಗ್ಗಿ ಇಣುಕಲಿಲ್ಲ. ಮೊದಲ ಎಲೆಗೆ ಬಡಿಸುವಾಗ ಸಾರು ಎಲೆಯಾಚೆ ಚೆಲ್ಲಿತು. ಹತ್ತನೆಯ ಎಲೆಯಲ್ಲೂ ಭಯವಿತ್ತು. ಕೊನೆಯ ಎಲೆಗೆ ಬಂದಾಗ, ಭಯ ಇದೆಯೋ ಇಲ್ಲವೋ ಎಂದು ಅವನು ಗಮನಿಸಿರಲಿಲ್ಲ. ಜನ ಉಂಡು, ಕೈ ತೊಳೆದು, ತಮ್ಮ ದಾರಿ ಹಿಡಿದರು. ಸೌಟು ಅವನ ಕೈಯಲ್ಲೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಗುರುಗಳೇ, ಆ ದಿನ ಕೊಪ್ಪರಿಗೆಯಲ್ಲಿ ಹಲ್ಲಿ ಇರಲಿಲ್ಲವೆಂಬುದು ಖಚಿತ ತಾನೇ?"

ಗುರುಗಳು ಹೇಳಿದರು: "ಅದು ಖಚಿತವಾಗದೆಯೇ ಕಲ್ಲಪ್ಪ ಮುಂದೆ ಇಪ್ಪತ್ತು ವರ್ಷ ಬಡಿಸಿದ."